ಸೋದರಮಾವನ ಸೀಟು

ನಮ್ಮೂರಲ್ಲಿ ಕಾರು ಓಡಬೇಕಾದರೆ ಒಳಗೆ ಕೂತವರೆಲ್ಲ ಹಿತವಾಗಿರಬೇಕು. ಒಬ್ಬರ ತೊಡೆಯಡಿ ಕಡಲೆಕಾಯಿ ಸಿಪ್ಪೆ ಚುಚ್ಚುತ್ತಿದ್ದರೂ ಸಾಕು, ಕಾರು ನಿಂತಲ್ಲೇ ನಿಂತಿರುತ್ತದೆ. ಬೇರೆ ಊರುಗಳಲ್ಲಿ ಪೆಟ್ರೋಲು ಹಾಕುತ್ತಾರಂತೆ, ನಮಗೆ ಅದರ ಅಭ್ಯಾಸವಿಲ್ಲ. ಕಾರು ಬಿಡುವವನು ಬ್ರೇಕು ಸಡಿಲಿಸುವ ಮೊದಲು ಹಿಂದಕ್ಕೆ ತಿರುಗಿ "ಹಿತವಾ?" ಎಂದು ಕೇಳುತ್ತಾನೆ, ಎಲ್ಲರೂ "ಹಿತ" ಎನ್ನುತ್ತಾರೆ, ಕಾರು ಹೊರಡುತ್ತದೆ. ಯಾರಾದರೂ ಮುಲಾಜಿಗೆ ಹಾಗೆಂದಿದ್ದರೆ ಹೊರಡುವುದಿಲ್ಲ. ನಾನು ಮುಲಾಜಿನ ಮನುಷ್ಯ. ಅದು ಸಾಲದು ಎಂಬಂತೆ ನನಗೆ ಸಯಾಟಿಕಾ ಎಂಬ ನರದ ನೋವು ಬೇರೆ.

ಇದನ್ನು ಕಷ್ಟವೆಂದು ಯಾರೂ ತಿಳಿದಿಲ್ಲ. ನಡುರಸ್ತೆಯಲ್ಲಿ ಕಾರು ನಿಂತಿತೆಂದರೆ ಒಳಗೆ ಗಂಡಹೆಂಡತಿಗೆ ಏನೋ ಆಗಿದೆ ಎಂದರ್ಥ. ಹಿಂದಿನ ಕಾರಿನವರು ಹಾರನ್ ಹೊಡೆಯದೆ ಇಳಿದು ಬಂದು, ಕಿಟಕಿಯಲ್ಲಿ ತಲೆ ಹಾಕಿ, "ಏನಂತೆ ವಿಷಯ?" ಎಂದು ವಿಚಾರಿಸಿ ಬಗೆಹರಿಸಿ ಹೋಗುತ್ತಾರೆ. ಪರೀಕ್ಷೆ ಬರೆಯುವವರು ನಡೆದು ಹೋಗುತ್ತಾರೆ. ಸತ್ತವರನ್ನು ಕಾರಲ್ಲಿ ಕಳಿಸಬಹುದು, ಅವರಷ್ಟು ನಿರಾಳವಾದ ಪ್ರಯಾಣಿಕರಿಲ್ಲ; ಅಳುವವರು ಮಾತ್ರ ಹಿಂದೆ ನಡೆಯಬೇಕು. ಹೆರಿಗೆ ನೋವಿನವರಿಗೆ, ಹಲ್ಲುನೋವಿನವರಿಗೆ ಆಸ್ಪತ್ರೆಯ ಕೈಗಾಡಿ ಇದೆ. ಅದನ್ನು ಎಳೆಯುವವಳು ನನ್ನ ಅಕ್ಕನ ಮಗಳು ತುಂಗಾ. ಅವಳ ತೋಳು ನೋಡಿದರೆ ನೋವಿನವರಿಗೆ ಅರ್ಧ ನೋವು ಅಲ್ಲೇ ಇಳಿಯುತ್ತದೆ.

ಒಂದು ಕಾಲದಲ್ಲಿ ಊರಿನ ದೊಡ್ಡವರು ಉತ್ಸಾಹದಿಂದ ಒಂದು ಬಸ್ಸನ್ನೂ ಎತ್ತಿನ ಜೋಡಿಗಳಿಂದ ಎಳೆಸಿ ತರಿಸಿದ್ದರು. ಅಷ್ಟು ಜನ ಒಟ್ಟಿಗೆ ಹಿತವಾಗಿರುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲವೋ ಏನೋ. ಎತ್ತು ಬಿಚ್ಚಿದ ಜಾಗದಲ್ಲೇ, ಬೇವಿನಮರದ ಕೆಳಗೆ, ಬಸ್ಸು ನಿಂತುಹೋಯಿತು. ಈಗ ಅದು ವಾಚನಾಲಯ. ಕಿಟಕಿಗಳ ಕೆಳಗೆ ಪುಸ್ತಕದ ಹಲಗೆ, ಬಾಗಿಲಿಗೆ ಇಟ್ಟಿಗೆಯ ಮೆಟ್ಟಿಲು, ಮೆಟ್ಟಿಲ ಬಳಿ ಚಪ್ಪಲಿ ಬಿಡುವ ಪದ್ಧತಿ. ನಾನು ಸಂಜೆ ತರಗತಿ ಓದಿ ಪಾಸಾದದ್ದು ಅದರೊಳಗೇ. ಹಗಲೆಲ್ಲ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ, ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದೆ. ಮೊಳೆ ಜೋಡಿಸುವುದು ನಿಂತು ಮಾಡುವ ಕೆಲಸ, ಈಗಲೂ ಅದನ್ನೇ ಮಾಡುತ್ತೇನೆ. ನಿಂತಿರುವಷ್ಟು ಹೊತ್ತು ನನಗೆ ಏನೂ ಇಲ್ಲ. ಕೂತ ಸ್ವಲ್ಪ ಹೊತ್ತಿಗೆ ಬಲಸೊಂಟದಿಂದ ಒಂದು ಬಿಸಿ ತಂತಿ ಹೊರಟು, ತೊಡೆಯ ಹಿಂಭಾಗದಲ್ಲಿಳಿದು, ಮೀನಖಂಡ ಹಾದು, ಕಿರುಬೆರಳಿನ ತುದಿಯಲ್ಲಿ ಚಿಟ್ಟೆಂದು ಸಿಡಿಯುತ್ತದೆ. ಇದನ್ನು ನಾನು ಕೇಳಿದವರಿಗೆಲ್ಲ ಹೇಳಿದ್ದೇನೆ. ಕೇಳದವರಿಗೂ ಹೇಳಿದ್ದೇನೆಂದು ಅಕ್ಕ ಹೇಳುತ್ತಾಳೆ.

ಹೀಗಿರುವಾಗ ತುಂಗಾಳ ಮದುವೆಯ ಮಾತು ಬಂತು. ಹುಡುಗ ಚನ್ನವೀರ, ಗಾದಿ ರುದ್ರಮುನಿಯವರ ಮಗ. ನಮ್ಮೂರಲ್ಲಿ ಡಾಕ್ಟರಿಗಿಂತ ಹೆಚ್ಚಿನ ಮರ್ಯಾದೆ ಕಾರಿನ ಸೀಟು ಮಾಡುವವರಿಗೆ, ಸೀಟು ಮಾಡುವವರಲ್ಲಿ ರುದ್ರಮುನಿಯವರಿಗೆ. ಅವರ ಸೀಟಿನಲ್ಲಿ ಕೂತು ಹೊರಡದ ಕಾರಿಲ್ಲ ಎಂಬ ಹೆಸರು. ಆಸ್ಪತ್ರೆಯ ಕೈಗಾಡಿಗೆ ಹಾಸಿಗೆ ಹೊಲಿಯಲು ಚನ್ನವೀರ ಬಂದಿದ್ದ. ಒಂದು ಸಲ ಹೊಲಿದುಹೋದವನು "ಮೂಲೆ ಸ್ವಲ್ಪ ಗಟ್ಟಿಯಾಯ್ತು" ಎಂದು ಮತ್ತೆ ಬಂದ, "ಮೂಲೆ ಸ್ವಲ್ಪ ಮೆತ್ತಗಾಯ್ತು" ಎಂದು ಇನ್ನೊಮ್ಮೆ ಬಂದ. ಕೊನೆಗೆ ತುಂಗಾನೇ, "ಮೂಲೆ ಬಿಡು, ಮನೇಲಿ ಮಾತಾಡು" ಎಂದಳಂತೆ.

ನಮ್ಮಲ್ಲಿ ಜಾತಕ ನೋಡುವುದಿಲ್ಲ. ಸವಾರಿ ಶಾಸ್ತ್ರ ಮಾಡುತ್ತಾರೆ. ಹುಡುಗ ಕಾರು ಬಿಡಬೇಕು, ಹುಡುಗಿ ಪಕ್ಕದಲ್ಲಿರಬೇಕು, ಹಿಂದೆ ಹುಡುಗನ ತಂದೆ ಮತ್ತು ಹುಡುಗಿಯ ಸೋದರಮಾವ. ದಾರಿಯಲ್ಲಿ ಎಷ್ಟಾದರೂ ನಿಲ್ಲಲಿ, ಊರಂಚಿನ ಸೇತುವೆಯನ್ನು ಮಾತ್ರ ನಿಲ್ಲದೆ ದಾಟಬೇಕು. ದಾಟಿದರೆ ಸಂಬಂಧ ಕೂಡಿತು. ಮೂರು ಸವಾರಿಯಲ್ಲೂ ದಾಟದಿದ್ದರೆ ಮುಗಿಯಿತು, ಆ ಎರಡು ಮನೆಗಳ ನಡುವೆ ಮತ್ತೆ ಆ ಮಾತಿಲ್ಲ. ಸೋದರಮಾವನ ಬದಲು ಇನ್ನೊಬ್ಬರನ್ನು ಕೂರಿಸುವಂತಿಲ್ಲ. ನಾನು ಹಿರಿಯರನ್ನೆಲ್ಲ ಕೇಳಿ ನೋಡಿದೆ, ಎರಡೆರಡು ಸಲ.

ಮೊದಲ ಸವಾರಿಗೆ ರುದ್ರಮುನಿಯವರು ತಮ್ಮದೇ ಕಾರು ತಂದರು. ಬೂರುಗದ ಅರಳೆ ತುಂಬಿದ ಸೀಟು. ಕೂತೆ, ಇಳಿದೆ, ಇನ್ನೂ ಇಳಿದೆ. ನನ್ನ ಮಂಡಿಗಳು ಎದ್ದು ಗದ್ದದ ಹತ್ತಿರ ಬಂದವು. ಹಿಟ್ಟಿನ ಮೂಟೆಯೊಳಗೆ ಬಿದ್ದ ಸೌಟಿನ ಹಾಗಿದ್ದೆ. ತಂತಿ ಆಗಲೇ ಬಿಸಿಯಾಗತೊಡಗಿತ್ತು.

"ಹಿತವಾ?" ಎಂದ ಚನ್ನವೀರ.

"ಹಿತ," ಎಂದಳು ತುಂಗಾ.

"ಹಿತವಲ್ಲದೆ ಮತ್ತೇನು!" ಎಂದರು ರುದ್ರಮುನಿಯವರು, ಸೀಟನ್ನು ಸಾಕಿದ ಎಮ್ಮೆಯ ಹಾಗೆ ತಟ್ಟುತ್ತಾ.

"ಹಿತ, ಹಿತ, ಬಹಳ ಹಿತ," ಎಂದೆ ನಾನು. ಹೇಳುವಾಗಲೇ ಗೊತ್ತಾಯಿತು, ಎರಡು ಹಿತ ಜಾಸ್ತಿಯಾಯಿತು.

ಕಾರು ಅಲುಗಲಿಲ್ಲ. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಅಕ್ಕ ಹೊನ್ನಮ್ಮ ಹಣೆ ಹಣೆ ಬಡಿದುಕೊಂಡಳು.

ನಾನು ತಡಮಾಡದೆ ಹೇಳಿಬಿಟ್ಟೆ: "ಯಜಮಾನರೇ, ಇದು ನನ್ನಿಂದ. ನನ್ನ ನರದಿಂದ. ಸಯಾಟಿಕಾ ಅಂತ, ಸೊಂಟದಿಂದ ಹೊರಟು—"

ರುದ್ರಮುನಿಯವರ ಮೀಸೆ ನೆಟ್ಟಗೆ ನಿಂತಿತು. "ಅಂದ್ರೆ? ನನ್ನ ಸೀಟಲ್ಲಿ ನಿಮಗೆ ನೋವಾಗ್ತಿದೆ ಅಂತೀರಾ?"

"ಛೇ ಛೇ! ಸೀಟು ಬಹಳ ಚೆನ್ನಾಗಿದೆ."

"ಸೀಟು ಚೆನ್ನಾಗಿದೆ ಅಂದ್ಮೇಲೆ ನಿಮಗೆ ನೋವಿಲ್ಲ. ನಿಮಗೂ ನೋವಿಲ್ಲ, ನನಗೂ ಇಲ್ಲ, ನನ್ನ ಮಗನ ಮುಖ ನೋಡಿದ್ರೆ ಅವನಿಗೆ ಏನೂ ಇಲ್ಲ." ಅವರು ತುಂಗಾಳ ಜಡೆಯ ಕಡೆ ನೋಡಿದರು. "ಹಂಗಾದ್ರೆ ಮನಸ್ಸಿಲ್ಲದೋರು ಯಾರು?"

ಆಗ ನನಗೆ ಬೆವರು ಬಂತು. ನೋವಿದೆ ಎಂದರೆ ಅವರ ಹೆಸರು ಹೋಗುತ್ತದೆ, ಅವಮಾನವಾದ ಮನೆಗೆ ನಮ್ಮ ಹುಡುಗಿ ಹೋಗುವುದು ಹೇಗೆ? ನೋವಿಲ್ಲ ಎಂದರೆ ತುಂಗಾಳ ಮನಸ್ಸಿನ ಮೇಲೆ ಅನುಮಾನ. ಸಂಜೆ ತರಗತಿಯಲ್ಲಿ ತರ್ಕಶಾಸ್ತ್ರ ಒಂದು ವರ್ಷ ಓದಿದ್ದೆ, ಇಂಥದ್ದನ್ನು ಬಿಡಿಸುವುದನ್ನು ಅದರಲ್ಲಿ ಹೇಳಿಕೊಟ್ಟಿರಲಿಲ್ಲ. ಅಥವಾ ಆ ದಿನ ನಾನು ಹೋಗಿರಲಿಲ್ಲವೋ.

"ಮನಸ್ಸಿಲ್ದಿದ್ರೆ ನಾನು ಈ ರೇಷ್ಮೆ ಸೀರೇಲಿ ಸೆಖೆಗೆ ಬೇಯ್ತಾ ಕೂತಿರ್ತಿರ್ಲಿಲ್ಲ, ಮಾವಾರೇ," ಎಂದಳು ತುಂಗಾ, ತಿರುಗದೆಯೇ.

"ಮದುವೆ ಆಗೋಕೆ ಮೊದಲೇ ಮಾವಾರೇ ಅಂತಾಳೆ!" ಎಂದರು ಅವರು. ಸಿಟ್ಟಿನಲ್ಲಿ ಹೇಳಲು ಹೊರಟದ್ದು ಸ್ವಲ್ಪ ಖುಷಿಯಲ್ಲಿ ಹೊರಬಂತು. ಆದರೂ ಕಾರು ಅಲುಗಲಿಲ್ಲ, ಯಾಕೆಂದರೆ ನನ್ನ ಕಿರುಬೆರಳು ಸಿಡಿಯುತ್ತಿತ್ತು.

ಎರಡನೆಯ ಸವಾರಿಗೆ ಅವರು ಅದೇ ಸೀಟಿಗೆ ಇನ್ನೊಂದು ಪದರ ಅರಳೆ ತುಂಬಿಸಿ ತಂದರು. ಅವರ ಲೆಕ್ಕದಲ್ಲಿ ಜಗತ್ತಿನ ಯಾವ ನೋವಿಗೂ ಮದ್ದು ಇನ್ನಷ್ಟು ಮೆತ್ತಗೆ. ಅಕ್ಕ ನನಗೆ ಹರಳೆಣ್ಣೆ ನೀವಿ, ಬಿಸಿ ಉಪ್ಪಿನ ಗಂಟು ಕಟ್ಟಿ, "ಬಾಯಿ ಮುಚ್ಕೊಂಡು ಹಿತವಾಗಿರು" ಎಂದು ಕಳಿಸಿದಳು. ಚನ್ನವೀರ ಕೇಳಿದ, ನಾವು ಹೇಳಿದೆವು. ಕಾರು ಒಂದು ಗೇಣು ಮುಂದೆ ಹೋಯಿತು! ಬೀದಿಯವರು ಚಪ್ಪಾಳೆ ಹೊಡೆದರು. ಅಯ್ಯೋ ಹೋಗುತ್ತಿದೆಯಲ್ಲ, ಎಲ್ಲಿ ನಿಂತುಬಿಡುತ್ತದೋ ಎಂದು ನನಗೆ ಗಾಬರಿಯಾಯಿತು, ನಿಂತುಬಿಟ್ಟಿತು. ನಿಂತದ್ದಕ್ಕೆ ನಾನು ನಡುಗಿದೆ, ನಡುಗಿದ್ದಕ್ಕೆ ನರ ಎದ್ದಿತು. ಎರಡನೆಯದೂ ಮುಗಿಯಿತು.

ಉಳಿದದ್ದು ಒಂದು. ಆ ರಾತ್ರಿ ಅಕ್ಕನ ಮನೆಯಲ್ಲಿ ನನಗೆ ಮಾತ್ರ ಊಟ ಸೇರಲಿಲ್ಲ, ಉಳಿದವರು ಚೆನ್ನಾಗಿಯೇ ಉಂಡರು. "ನೋಡೋ ತಿಪ್ಪೇಶಿ," ಎಂದಳು ಅಕ್ಕ, "ನೀನು ಕುಂಡಿ ಇಟ್ಟಲ್ಲಿ ಈ ಮನೆ ಮದುವೆ ನಿಂತಿದೆ. ಊರಲ್ಲಿ ಎಲ್ಲಾದ್ರೂ ಒಂದು ಸೀಟು ನಿನಗೆ ಹೊಂದೇ ಹೊಂದತ್ತೆ. ಹುಡುಕು."

"ನಾನು ಕರ್ಕೊಂಡು ಹೋಗ್ತೀನಿ ಮಾಮ," ಎಂದಳು ತುಂಗಾ. "ಗಾಡಿ ಇದೆಯಲ್ಲ."

ಹಾಗೆ ನಾನು ಆಸ್ಪತ್ರೆಯ ಕೈಗಾಡಿಯಲ್ಲಿ ಮಗ್ಗುಲಾಗಿ ಮಲಗಿ, ಎಳೆಯುತ್ತಿರುವವಳ ಮದುವೆಗಾಗಿ, ಸೀಟು ಹುಡುಕುತ್ತ ಊರು ಸುತ್ತಿದೆ. ಒಂದು ವಾರ ಊರಿಗೆ ಬೇರೆ ಕೆಲಸವಿರಲಿಲ್ಲ. ನಾವು ಬೀದಿಯ ತುದಿಯಲ್ಲಿ ಕಾಣಿಸಿದ ಕೂಡಲೇ ಜನ ತಮ್ಮ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದರು. "ನಮ್ಮದರಲ್ಲಿ ಒಂದು ಸಲ ಕೂತು ನೋಡ್ರಣ್ಣ, ನಮ್ಮತ್ತೆಯಂಥ ಅತ್ತೆಗೇ ಇದರಲ್ಲಿ ಹಿತವಾಗಿದೆ!" ಬೀಡಿ ಸಾಹುಕಾರರ ಕಾರಿನಲ್ಲಿ ಸೊಂಟ ಕುಸಿಯಿತು. ಕ್ಷೌರದ ಅಂಗಡಿಯ ಪುಟ್ಟಸ್ವಾಮಿ ತನ್ನ ತಿರುಗುವ ಕುರ್ಚಿಯನ್ನೇ ಕಿತ್ತು ಕಾರಿಗೆ ಹಾಕಿದ್ದ. ಅದರಲ್ಲಿ ಕೂತೆ, ಕಾರು ಹೊರಟಾಗ ನನ್ನ ಮುಖ ಹಿಂದಕ್ಕೆ ತಿರುಗಿ, ಬಿಟ್ಟುಬಂದ ಬೀದಿಯೆಲ್ಲ ಕೈಬೀಸುವುದು ಕಂಡು ವಾಪಸು ಕೈಬೀಸಿದೆ. ಸೊಂಟ ತಿರುಚಿತು, ಕಾರು ನಿಂತಿತು. ಒಬ್ಬರು ಟ್ಯೂಬಿನಲ್ಲಿ ಗಾಳಿ ತುಂಬಿ ಕೂರಿಸಿದರು, ಒಬ್ಬರು ಸಾಸಿವೆ ಚೀಲದ ಮೇಲೆ.

ಕಲಿತದ್ದೂ ಇದೆ, ಇಲ್ಲವೆನ್ನಬಾರದು. ನಿವೃತ್ತ ಕಾಂಪೌಂಡರ್ ಒಬ್ಬರು ನನ್ನನ್ನು ನೋಡಿ, "ಮೊದಲು ಹಿಂದಿನ ಜೇಬಿನ ಪರ್ಸು ತೆಗೀರಿ ಮಾರಾಯ್ರೆ, ಅದರ ಮೇಲೇ ಕೂತಿದ್ದೀರಿ" ಎಂದರು. ತೆಗೆದೆ. ಅದರಲ್ಲಿ ಸವೆದ ಅಚ್ಚುಮೊಳೆಗಳಿದ್ದವು, ಎಸೆಯಲು ಮನಸ್ಸಾಗದೆ ಇಟ್ಟುಕೊಂಡವು. ಮೂಲಂಗಿ ಮಾರುವ ನಾಗಮ್ಮ ಟವೆಲ್ಲು ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟರೆ ಆಸರೆ ಎಂದಳು. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು, ಮೇಲಲ್ಲ, ಎಂದು ನನಗೇ ಗೊತ್ತಾಯಿತು. ಮೆತ್ತಗಿದ್ದಷ್ಟೂ ನೋವು ಜಾಸ್ತಿ ಎಂದೂ ಗೊತ್ತಾಯಿತು. ಆದರೆ ಇದನ್ನು ರುದ್ರಮುನಿಯವರಿಗೆ ಯಾರು ಹೇಳುವುದು? ಮೆತ್ತಗೆ ಎಂಬುದೇ ಅವರ ಜೀವನ.

ಅವರಿಗೆ ಸುದ್ದಿ ಹೋಗಿತ್ತು. ತಮ್ಮ ಸೀಟು ಬಿಟ್ಟು ಊರವರ ಸೀಟಿನಲ್ಲೆಲ್ಲ ಕೂತೆನೆಂದು ಕೆಂಡವಾಗಿ, ಶನಿವಾರ ಮಧ್ಯಾಹ್ನ ಕೈಯಲ್ಲಿ ಅಳತೆಪಟ್ಟಿ ಹಿಡಿದು ನೇರ ಅಕ್ಕನ ಮನೆಗೆ ಬಂದರು. ಹಿಂದೆ ಚನ್ನವೀರ, ಮುಖ ಬಾಡಿತ್ತು.

"ತಿಪ್ಪೇಶಪ್ಪನೋರೇ, ಒಂದೇ ಮಾತು ಕೇಳ್ತೀನಿ. ಜೀವಮಾನದಲ್ಲಿ ಎಲ್ಲಾದರೂ, ಯಾವತ್ತಾದರೂ, ನೋವಿಲ್ಲದೆ ಕೂತಿದ್ದೀರಾ? ಆ ಸೀಟು ತೋರ್ಸಿ. ಅಳೆದು ಅಂಥದ್ದೇ ಮಾಡ್ತೀನಿ. ಮೂರನೇ ಸವಾರಿ ನನ್ನ ಕೈಯ ಸೀಟಲ್ಲೇ ಆಗ್ಬೇಕು, ಇಲ್ಲಾಂದ್ರೆ ಆಗೋದೇ ಬೇಡ."

ನಾನು ಯೋಚಿಸಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಹಾಗಾಗಿ ಯೋಚನೆ ಬೇಗ ಬರಲಿಲ್ಲ. ಆಮೇಲೆ ನೆನಪಾಯಿತು. "ವಾಚನಾಲಯದ ಬಸ್ಸು. ಬಾಗಿಲ ಪಕ್ಕದ ಒಂಟಿ ಸೀಟು, ಕಂಡಕ್ಟರನದು. ಸಂಜೆ ತರಗತಿಗೆ ಕೆಲಸ ಮುಗಿಸಿ ಬರುವಾಗ ತಡವಾಗ್ತಿತ್ತು, ಆ ಒಂದೇ ಸೀಟು ಖಾಲಿ ಇರ್ತಿತ್ತು. ಗಟ್ಟಿ ಅಂತ ಯಾರೂ ಕೂರ್ತಿರ್ಲಿಲ್ಲ."

"ಗಟ್ಟಿಯಾ?" ಎಂದರು ರುದ್ರಮುನಿಯವರು, ಅಶ್ಲೀಲವಾದದ್ದೇನೋ ಕೇಳಿದವರಂತೆ.

ಎಲ್ಲರೂ ಹೊರಟೆವು. ಬಸ್ಸಿನ ಬಳಿ ಚಪ್ಪಲಿ ಬಿಟ್ಟು ಒಳಗೆ ಹತ್ತಿದೆವು. ಒಳಗಿದ್ದವನು ಒಬ್ಬನೇ, ಕೊನೆಯ ಸೀಟಿನ ಪಾಪಯ್ಯಜ್ಜ. ಮುಖದ ಮೇಲೆ ಪತ್ರಿಕೆ ಹಾಸಿಕೊಂಡು ಮಲಗಿದ್ದ. ಅವನು ವಾಚನಾಲಯ ತೆರೆದಾಗಿನಿಂದ ಹಾಗೆಯೇ ಮಲಗಿದ್ದಾನೆಂದು ಪ್ರತೀತಿ, ಪತ್ರಿಕೆ ಮಾತ್ರ ದಿನಾ ಬದಲಾಗುತ್ತದೆ. ಚನ್ನವೀರ ಬೇಸರಕ್ಕೆ ಹೋಗಿ ಡ್ರೈವರನ ಸೀಟಿನಲ್ಲಿ ಕೂತ. ತುಂಗಾ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಹತ್ತಿ ಕೂತಳು. ಅಕ್ಕ ಮೊದಲ ಸಾಲಿನಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು.

ನಾನು ಕಂಡಕ್ಟರನ ಸೀಟಿನಲ್ಲಿ ಕೂತೆ. ಎತ್ತರ, ಗಟ್ಟಿ, ಮಂಡಿ ತಾನಾಗಿ ಕೆಳಗೆ. ಟವೆಲ್ಲಿನ ಸುರುಳಿಯನ್ನು ಸೊಂಟಕ್ಕೆ ಕೊಟ್ಟೆ. ತಂತಿ ಎಲ್ಲಿ ಎಂದು ಹುಡುಕಿದೆ, ಇರಲಿಲ್ಲ. ಹೇಳಲು ಹೆದರಿಕೆಯಾಗಿ ಸುಮ್ಮನಿದ್ದೆ.

ರುದ್ರಮುನಿಯವರು ಮಂಡಿಯೂರಿ, ಸೀಟಿನ ಅಂಚು ಸವರುತ್ತಾ, ಅದರ ಕೆಳಗೇ ತಲೆ ಹಾಕಿದರು. ಸ್ವಲ್ಪ ಹೊತ್ತು ಅವರ ಪೃಷ್ಠ ಮಾತ್ರ ನಮ್ಮ ಕಡೆಗಿತ್ತು. ಆಮೇಲೆ ಕೆಳಗಿನಿಂದ ಒಂದು ವಿಚಿತ್ರ ಧ್ವನಿ ಬಂತು.

"ಅಪ್ಪಾಜಿ? ಏನಾಯ್ತು?" ಎಂದ ಚನ್ನವೀರ.

"ಸೊಟ್ಟ ಹೊಲಿಗೆ," ಎಂದಿತು ಧ್ವನಿ. "ಮೂಲೇಲಿ ಗಂಟಿನ ಮೇಲೆ ಗಂಟು. ಅಯ್ಯೋ ಶಿವನೇ. ಇದು ನಾನು ಹೊಲಿದದ್ದು."

ಅವರು ತಲೆ ಹೊರಗೆ ತೆಗೆದಾಗ ಮೀಸೆಯ ತುಂಬ ಜೇಡರಬಲೆ ಇತ್ತು. "ಈ ಬಸ್ಸಿನ ಸೀಟೆಲ್ಲ ನಮ್ಮಪ್ಪಂದು. ಇದೊಂದನ್ನ ನನ್ನ ಕೈಗೆ ಕೊಟ್ಟಿದ್ರು, ಕಲೀಲಿ ಅಂತ. ನನ್ನ ಮೊದಲನೇ ಸೀಟು. ನಾನು ತೆಂಗಿನ ನಾರನ್ನ ಕಾಲಲ್ಲಿ ತುಳಿದು ತುಳಿದು ತುಂಬಿದ್ದೆ. ಅಪ್ಪ ಕೂತ್ರು. ಕೂತವರೇ ಎದ್ರು. 'ಏನಲೇ ರುದ್ರಾ, ಒರಳುಕಲ್ಲಿಗೆ ರೆಕ್ಸಿನ್ ಹೊಲ್ದಿದೀಯಾ?' ಅಂದ್ರು." ಅಷ್ಟು ಹೇಳಿ ಅವರಿಗೆ ನಗು ಬಂತು. ಆ ದಪ್ಪ ಮನುಷ್ಯ ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ, ಹೊಟ್ಟೆ ಮೊದಲು ನಕ್ಕು ಬಾಯಿ ಆಮೇಲೆ ಬರುತ್ತದೆ.

"ಒರಳುಕಲ್ಲಿನ ಮೇಲೆ ರುಬ್ಬಿ ರುಬ್ಬಿಯೇ ನಮ್ಮ ತಿಪ್ಪೇಶಿಗೆ ವಿದ್ಯೆ ಬಂತು ಹಂಗಾದ್ರೆ!" ಎಂದಳು ಅಕ್ಕ.

"ಅಪ್ಪಾಜಿ, ಮತ್ತೆ ನಿಮ್ಮ ಕೈಯ ಸೀಟೇ ಮಾಮಂಗೆ ಹಿಡಿಸಿದ್ದು!" ಎಂದ ಚನ್ನವೀರ. ಅವನ ಬಾಡಿದ ಮುಖ ಅರಳಿತು. "ಹಿಡಿಸ್ತಾ ಮಾಮ? ನಿಜ ಹೇಳಿ." ಆಮೇಲೆ ತಮಾಷೆಗೆ ದೊಡ್ಡ ಸ್ಟೀರಿಂಗ್ ಹಿಡಿದು, ನಿಜವಾದ ಡ್ರೈವರನ ಗತ್ತಿನಲ್ಲಿ ಹಿಂದಕ್ಕೆ ತಿರುಗಿ ಕೂಗಿದ: "ಹಿತವಾ?"

"ಹಿತ!" ಎಂದಳು ತುಂಗಾ. "ಹಿತ ಕಣಪ್ಪ," ಎಂದಳು ಅಕ್ಕ. "ಹಿತ!" ಎಂದರು ರುದ್ರಮುನಿಯವರು, ಕಣ್ಣೊರೆಸಿಕೊಳ್ಳುತ್ತಾ ನನ್ನೆದುರಿನ ಸೀಟಿಗೆ ಬಿದ್ದು. ನಾನು ಏನೂ ಹೇಳಲಿಲ್ಲ, ನಗುತ್ತಿದ್ದೆ. ಹಿಂದಿನಿಂದ ಪಾಪಯ್ಯಜ್ಜನ ಗೊರಕೆ ಬಂತು.

ಬೇವಿನಮರ ಹಿಂದಕ್ಕೆ ಸರಿಯಿತು.

ಮರ ಯಾಕೆ ಹೋಗುತ್ತಿದೆ ಎಂದು ನಾನು ನಿಜಕ್ಕೂ ಯೋಚಿಸಿದೆ. ಆಮೇಲೆ ಗಾಳಿಯಿಲ್ಲದ ಚಕ್ರಗಳು ಧಡ್ ಧಡ್ ಎಂದವು, ಹಲಗೆಯ ಮೇಲಿನ ಪುಸ್ತಕಗಳು ಒಂದೊಂದೇ ಕೆಳಗೆ ಹಾರಿದವು. ಬಸ್ಸಿನ ಕಿಟಕಿಗೂ ಮರಕ್ಕೂ ಯಾರೋ ಬಟ್ಟೆ ಒಣಗಿಸಲು ಕಟ್ಟಿದ್ದ ಹಗ್ಗ ಮರದ ಕಡೆ ಕಿತ್ತು, ಬನಿಯನ್ನು-ಲಂಗಗಳ ಸಮೇತ ನಮ್ಮ ಹಿಂದೆ ಬರತೊಡಗಿತು. "ಅಯ್ಯಯ್ಯೋ!" ಎಂದು ಅಕ್ಕ ಚೀರಿದಳು. ಬಸ್ಸು ಗಕ್ಕನೆ ನಿಂತಿತು.

ಎಲ್ಲರೂ ಸೀಟು ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡಿದೆವು.

"ನನ್ನ ಹೊಸ ಚಪ್ಪಲಿ ಅಲ್ಲೇ ಉಳೀತು," ಎಂದಳು ಅಕ್ಕ ಸಣ್ಣ ದನಿಯಲ್ಲಿ.

ತುಂಗಾಗೆ ನಗು ತಡೆಯಲಾಗಲಿಲ್ಲ. ಬಸ್ಸು ಹೊರಟಿತು. ಹೊರಟದ್ದಕ್ಕೆ ಹೆದರಿದೆವು, ನಿಂತಿತು. ನಿಂತದ್ದಕ್ಕೆ ನಕ್ಕೆವು, ಹೊರಟಿತು. ಹೀಗೆ ಬಿಕ್ಕಳಿಸುತ್ತಾ ಅಂಗಡಿಬೀದಿಗೆ ಬಂದೆವು. ಅಷ್ಟರಲ್ಲಿ ಹೆದರಿಕೆಯೇ ನಮಗೆ ನಗುವಿನ ವಿಷಯವಾಗಿ, ಬಸ್ಸು ನಿಲ್ಲುವುದನ್ನು ಬಿಟ್ಟಿತು. ಕ್ಷೌರದ ಪುಟ್ಟಸ್ವಾಮಿ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಓಡಿಬಂದ, ಗಿರಾಕಿಯೂ ನೊರೆಮುಖದಲ್ಲಿ ಓಡಿಬಂದ. ಮೂಲಂಗಿ ನಾಗಮ್ಮ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ನಮ್ಮ ಜೊತೆ ಓಡುತ್ತಾ ಕಿಟಕಿಯೊಳಗೆ ನೋಡಿದಳು. ನೋಡಿದವಳು ಕೂಗಿದಳು:

"ಹುಡುಗ ಬಿಡ್ತಿದಾನೆ, ಹುಡುಗಿ ಪಕ್ಕದಲ್ಲಿದಾಳೆ, ಬೀಗರು ಹಿಂದಿದಾರೆ! ಲೇ, ಇದು ಸವಾರಿ ಶಾಸ್ತ್ರ ಕಣ್ರೋ!"

"ಸವಾರಿ! ಸವಾರಿ!" ಎಂದು ಬೀದಿಯಲ್ಲಿ ಗುಲ್ಲೆದ್ದಿತು.

ಆಗ ನನಗೆ ಗೊತ್ತಾಯಿತು. ಎದುರಿಗೆ ಸೇತುವೆ ಕಾಣುತ್ತಿತ್ತು. ಇದು ಮೂರನೆಯದು. ಯಾರೂ ಹೇಳಿಕೊಳ್ಳದೆ, ಮುಹೂರ್ತವಿಲ್ಲದೆ, ಬರಿಗಾಲಲ್ಲಿ, ಮೂರನೆಯ ಮತ್ತು ಕೊನೆಯ ಸವಾರಿ ಆಗಿಹೋಗುತ್ತಿತ್ತು. ತುಂಗಾ ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದಳು. ಚನ್ನವೀರನ ಬೆನ್ನು ನೆಟ್ಟಗಾಯಿತು. ಬಸ್ಸಿನ ಮೂತಿ ಸೇತುವೆಯ ಮೇಲೆ ಏರಿತು.

ಒಂದೆರಡು ಕಮಾನು ದಾಟಿದೆವು. ಕೆಳಗೆ ನೀರು, ಹಿಂದೆ ಬನಿಯನ್ನುಗಳ ಬಾವುಟ, ಅದರ ಹಿಂದೆ ಊರು. ನಾನು ಉಸಿರು ಹಿಡಿದು ಹಿತವಾಗಿರಲು ಪ್ರಯತ್ನಿಸಿದೆ. ಪ್ರಯತ್ನಿಸಿದ್ದೇ ತಪ್ಪಾಯಿತು. ಸೊಂಟದ ಬಲಗಡೆ ಬಿಸಿಯಾಯಿತು. ಬೇಡ, ಬೇಡ ಎಂದೆ. ತಂತಿ ತೊಡೆಗಿಳಿಯಿತು. ಒರಳುಕಲ್ಲೂ ಒಂದು ಮಿತಿಯವರೆಗೇ, ಅಷ್ಟು ಹೊತ್ತು ನಾನು ಕೂತದ್ದೇ ಹೆಚ್ಚು. ಬಸ್ಸಿನ ವೇಗ ಇಳಿಯತೊಡಗಿತು. ಧಡ್... ಧಡ್... ಧಡ್. ರುದ್ರಮುನಿಯವರ ನಗು ನಿಂತಿತು. ಮೀನಖಂಡಕ್ಕೆ ಬಂತು. ಇನ್ನು ಕಿರುಬೆರಳೊಂದೇ ಬಾಕಿ.

ನಾನು ಎದ್ದು ನಿಂತೆ.

ನಿರ್ಧಾರ ಮಾಡಿ ಎದ್ದೆನೆಂದು ಹೇಳಲಾರೆ. ಇಷ್ಟು ದಿನ ಕಾರುಗಳಲ್ಲೇ ಒದ್ದಾಡಿದ್ದೆ, ಕಾರಿನಲ್ಲಿ ಎದ್ದರೆ ತಲೆ ತಗಲುತ್ತದೆ. ಇಲ್ಲಿ ತಗಲಲಿಲ್ಲ. ಮೇಲೆ ಕಬ್ಬಿಣದ ಸರಳು ಕೈಗೆ ಸಿಕ್ಕಿತು, ಹಿಡಿದೆ. ತಂತಿ ಬಂದ ದಾರಿಯಲ್ಲೇ ವಾಪಸು ಹೋಯಿತು. ಅಚ್ಚುಕೂಟದಲ್ಲಿ ಮೊಳೆಪೆಟ್ಟಿಗೆಯ ಮುಂದೆ ನಿಂತಿರುವಷ್ಟು ಸುಖವಾಯಿತು. ಬಸ್ಸು ಚೂರು ಮುಂದೆ ಜಾರಿತು.

"ಯಾಕೆ ಎದ್ರಿ?" ಎಂದರು ರುದ್ರಮುನಿಯವರು. ಅವರ ಕಣ್ಣು ಖಾಲಿ ಸೀಟಿನ ಮೇಲಿತ್ತು, ತಮ್ಮ ಮೊದಲ ಸೀಟಿನ ಮೇಲೆ. ಅವರ ಮುಖ ಮುದುಡುವುದು ನನಗೆ ಕಂಡಿತು. ಬಸ್ಸಿಗೂ ಕಂಡಿರಬೇಕು, ಮತ್ತೆ ನಿಧಾನವಾಯಿತು.

ಬೇರೆ ದಿನವಾಗಿದ್ದರೆ ಮುಲಾಜಿಗೆ ಏನಾದರೊಂದು ಹೇಳಿಬಿಡುತ್ತಿದ್ದೆ. ಬಸ್ಸಿನಲ್ಲಿ ಅದಕ್ಕೆ ಸಮಯವಿರಲಿಲ್ಲ. "ನಿಂತರೆ ನನಗೆ ನೋವಿಲ್ಲ, ಯಜಮಾನರೇ. ಎಲ್ಲಿ ಕೂತರೂ ಸ್ವಲ್ಪ ಹೊತ್ತಿಗೆ ನೋವೇ. ನಿಮ್ಮ ಸೀಟಿನಲ್ಲೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತೆ. ಆದರೆ ನಿಂತೇ ಹಿತ."

ಧಡ್... ಧಡ್. ಅವರು ನನ್ನನ್ನು ನೋಡಿದರು, ಸೀಟನ್ನು ನೋಡಿದರು. ಮೀಸೆಯಲ್ಲಿ ಜೇಡರಬಲೆ ಗಾಳಿಗೆ ಅಲ್ಲಾಡುತ್ತಿತ್ತು. ಅವರ ತುಟಿ ಏನೋ ಲೆಕ್ಕ ಹಾಕುವಂತೆ ಆಡಿತು. ಆಮೇಲೆ ತೊಡೆಗೆ ಫಟ್ಟನೆ ಹೊಡೆದುಕೊಂಡರು.

"ಕಂಡಕ್ಟರ್ ಯಾವಾಗಾದ್ರೂ ಕೂರ್ತಾನೇನ್ರೀ! ಚೂರು ಕೂರ್ತಾನೆ, ಏಳ್ತಾನೆ. ಅವನ ಸೀಟು ಇರೋದೇ ಏಳೋದಕ್ಕೆ. ಮೆತ್ತಗೆ ತುಂಬಿದ್ರೆ ಅವನು ಏಳ್ತಾನಾ? ಟಿಕೆಟ್ ಯಾರು ಕೊಡ್ತಾರೆ? ಅದಕ್ಕೇ ನಾನು ಕಲ್ಲಿನಂಗೆ ತುಂಬಿದ್ದು! ಅಪ್ಪಂಗೇ ಅದು ತಿಳೀಲಿಲ್ಲ ನೋಡಿ!"

"ಆಗಲೇ ಯೋಚನೆ ಮಾಡಿದ್ರಾ ಮಾವಾರೇ?" ಎಂದಳು ತುಂಗಾ ಮುಂದಿನಿಂದ.

"ಮತ್ತೆ? ನನ್ನ ಕೈ ಯೋಚನೆ ಮಾಡಿತ್ತು!"

ಅಕ್ಕ "ಹೌದೌದು!" ಎಂದು ಕಿಸಕ್ಕನೆ ನಕ್ಕಳು. ಅದರಲ್ಲಿ ಕುಹಕವಿತ್ತು, ಅವರಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಅವರ ಹೊಟ್ಟೆ ಮತ್ತೆ ನಗತೊಡಗಿತು. ಬಸ್ಸು ಎಂಥ ವೇಗ ಹಿಡಿಯಿತೆಂದರೆ ಓಡಿಬರುತ್ತಿದ್ದವರು ಹಿಂದೆ ಬಿದ್ದರು, ನಾಗಮ್ಮನ ಬುಟ್ಟಿಯಿಂದ ಮೂಲಂಗಿಗಳು ಸೇತುವೆಯ ಮೇಲೆ ಉರುಳಿದವು. ನನ್ನ ತಲೆಯ ಮೇಲೆ ಗಂಟೆಯ ಹಗ್ಗ ತೂಗುತ್ತಿತ್ತು. ಅಷ್ಟು ವರ್ಷ ಅದರ ಕೆಳಗೆ ಕೂತು ಪಾಠ ಕೇಳಿದ್ದೆ, ಒಂದು ಸಲವೂ ಮುಟ್ಟಿರಲಿಲ್ಲ, ಮುಟ್ಟಬಹುದೋ ಬಾರದೋ ಎಂದು. ಎಳೆದೆ. ಟಿಣ್ ಟಿಣ್ ಎಂದಿತು.

"ರೈಟ್! ರೈಟ್!" ಎಂದು ಕೂಗಿದೆ. ನನ್ನದೇ ಧ್ವನಿ.

ಸೇತುವೆ ಮುಗಿಯಿತು. ಚನ್ನವೀರ ಎರಡೂ ಕೈ ಮೇಲೆತ್ತಿ ಕೂಗಿದ. ತುಂಗಾ ಬಗ್ಗಿ ಸ್ಟೀರಿಂಗನ್ನು ತಾನೇ ಹಿಡಿದಳು. ಕೈಗಾಡಿ ಎಳೆದ ತೋಳು, ಹೇಳಿದ ಮಾತು ಬಸ್ಸು ಕೇಳಿತು. ಅಕ್ಕ ಬೀಗರ ಮುಂದೆ ಕೈ ಚಾಚಿ, "ಇನ್ನು ನಮ್ಮ ಹುಡುಗಿ ಮನಸ್ಸಿನ ವಿಷಯ?" ಎಂದಳು. "ಇನ್ನು ನಮ್ಮ ಸೀಟಿನ ವಿಷಯ?" ಎಂದರು ರುದ್ರಮುನಿಯವರು. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿ, ಹುಡುಗಿಯ ಮನಸ್ಸಿನ ಬಗ್ಗೆಯೂ ಸೀಟಿ‌ನ ಬಗ್ಗೆಯೂ ಇನ್ನು ಯಾವ ಅನುಮಾನವೂ ಉಳಿದಿಲ್ಲವೆಂದು ಒಪ್ಪಿಕೊಂಡರು.

ಆ ಗಲಾಟೆಗೆ ಕೊನೆಯ ಸೀಟಿನಲ್ಲಿ ಪತ್ರಿಕೆ ಸರಿಯಿತು. ಪಾಪಯ್ಯಜ್ಜ ಎದ್ದು ಕೂತು, ಕಣ್ಣುಜ್ಜಿ, ಕಿಟಕಿಯಿಂದ ಹೊರಗೆ ನೋಡಿದ. ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಅಂತೂ ಹೊರಡ್ತಾ?" ಎಂದ. "ಇದು ಬಂದ ದಿನ ಹತ್ತಿ ಕೂತವನು ನಾನು. ಎಷ್ಟು ಹೊತ್ತು ಕಾಯಿಸ್ತೀರಪ್ಪ ನೀವು!" ಆಮೇಲೆ ನಾನು ಸರಳು ಹಿಡಿದು ನಿಂತಿರುವುದನ್ನು ಕಂಡು, ಕೈ ಚಾಚಿದ. "ಕಂಡಕ್ಟ್ರೇ, ಟಿಕೆಟ್ ಕೊಡಿ. ಆಮೇಲೆ ಯಾರಾದರೂ ಕೇಳಿದ್ರೆ ಕಷ್ಟ."

ಅವನ ಆತಂಕ ನನಗೆ ಚೆನ್ನಾಗಿ ಅರ್ಥವಾಯಿತು. ಪತ್ರಿಕೆಯ ಅಂಚನ್ನು ನೇರವಾಗಿ ಹರಿದು, ಮಡಿಸಿ, ಅವನ ಕೈಗೆ ಕೊಟ್ಟೆ. ಅವನು ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಮತ್ತೆ ಮಲಗಿದ.

ಮುಂದಿನ ರಸ್ತೆಯಲ್ಲಿ ನಾನು ಯಾವತ್ತೂ ಹೋಗಿರಲಿಲ್ಲ, ಅದು ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸು ತಿರುಗಿಸುವ ಯೋಚನೆ ಯಾರಿಗೂ ಬರಲಿಲ್ಲ. ಸ್ಟೀರಿಂಗಿನ ಒಂದು ಪಕ್ಕ ತುಂಗಾ, ಇನ್ನೊಂದು ಪಕ್ಕ ಚನ್ನವೀರ ಹಿಡಿದಿದ್ದರು.

"ಹಿತವಾ?" ಎಂದು ಕೂಗಿದ ಅವನು, ತಿರುಗದೆ.

ನಾನು ಒಂದೇ ಸಲ ಹೇಳಿದೆ.

"ಹಿತ."